‘ನೀನೇ ಓದಿಕೋ’ ಎಂದ ಮೇಲೆ

ಓದಲು ಕಲಿತ ಮೇಲೆ ಓದುವುದನ್ನೇ ಬಿಟ್ಟ ಮಕ್ಕಳು ಸಲಹೆಗೆಂದು ನನ್ನ ಹತ್ತಿರ ಮತ್ತೆ ಮತ್ತೆ ಬರುತ್ತಾರೆ. ಕರೆತರುವ ತಂದೆ ತಾಯಿ ಹೇಳುವ ಮಾತೂ ಹೆಚ್ಚುಕಡಿಮೆ ಒಂದೇ: "ಮೊದಲು ಚೆನ್ನಾಗಿ ಓದ್ತಿದ್ದ, ಈಗ ಪುಸ್ತಕ ಕಂಡರೆ ಆಗಲ್ಲ." ಅದಕ್ಕೇ ಈ ಒಂದು ಪ್ರಕರಣವನ್ನು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಹುಡುಗನನ್ನು ಪುಟ್ಟ ಎಂದು ಕರೆಯೋಣ.

ಪುಟ್ಟನಿಗೆ ಏಳು ವರ್ಷ. ಐದೂವರೆಗೇ ಅಕ್ಷರ ಕೂಡಿಸಿ ಓದಲು ಶುರು ಮಾಡಿದ್ದನಂತೆ. ಮನೆಯವರಿಗೆಲ್ಲ ಹಿಗ್ಗು. ಒಂದು ವರ್ಷ ಕಳೆಯುವಷ್ಟರಲ್ಲಿ ಮನೆಯಲ್ಲಿ ಓದುವುದೇ ನಿಂತುಹೋಯಿತು. ಪುಸ್ತಕ ಕೊಟ್ಟರೆ "ನಂಗೆ ಬರಲ್ಲ" ಅನ್ನುತ್ತಾನೆ. ಗೊತ್ತಿರುವ ಪದ ತೋರಿಸಿದರೂ ಬಾಯಿ ಬಿಡುವುದಿಲ್ಲ. ಇದು ಕಲಿಕೆಯ ತೊಂದರೆ ಎಂದು ತಾಯಿಗೆ ಭಯ, ಸೋಮಾರಿತನ ಎಂದು ತಂದೆಗೆ ಸಿಟ್ಟು.

ಮೊದಲು ಕಣ್ಣು, ಕಿವಿ ತೋರಿಸಿಕೊಂಡು ಬನ್ನಿ ಎಂದೆ. ಡಿಸ್ಲೆಕ್ಸಿಯಾ, ಅಂದರೆ ಅಕ್ಷರ ಬಿಡಿಸಿ ಓದುವುದೇ ಕಷ್ಟವಾಗುವ ಕಲಿಕೆಯ ತೊಂದರೆ, ಇದೆಯೇ ಎಂದು ನೋಡಲು ತಜ್ಞರೊಬ್ಬರ ಹತ್ತಿರವೂ ಕಳಿಸಿದೆ. ಈ ಹೆಜ್ಜೆಯನ್ನು ಯಾರೂ ಬಿಡಬಾರದು. ಪ್ರೀತಿಯಿಂದ ಕತೆ ಓದಿ, ಎಲ್ಲ ಸರಿಹೋಗುತ್ತೆ ಎಂದು ಹೇಳಿ ಕಳಿಸುವುದು ಸುಲಭ. ನಿಜವಾಗಿ ಡಿಸ್ಲೆಕ್ಸಿಯಾ ಇದ್ದರೆ ಆ ಮಗುವಿನ ವರ್ಷಗಳೇ ಹಾಳಾಗುತ್ತವೆ. ಪುಟ್ಟನ ವರದಿಯಲ್ಲಿ ಅಂಥದ್ದೇನೂ ಇರಲಿಲ್ಲ. ತಜ್ಞರ ಮುಂದೆ ಅವನು ನಿಧಾನವಾಗಿ ಓದಿದ್ದ. ಒತ್ತಕ್ಷರ ಬಂದ ಕಡೆ ತಡವರಿಸಿದ್ದ, ಅಷ್ಟೇ. ತರಗತಿಯಲ್ಲೂ ಕೇಳಿದರೆ ಓದುತ್ತಾನಂತೆ. ಹೊರಗೆ ಬರುವ ಓದು ಮನೆಯಲ್ಲಿ ಮಾತ್ರ ಯಾಕೆ ಬರುವುದಿಲ್ಲ?

ಮನೆಯಲ್ಲಿ ಯಾರಾದರೂ ಅವನಿಗೆ ಕತೆ ಓದಿ ಹೇಳುತ್ತೀರಾ ಎಂದು ಕೇಳಿದೆ. "ನಾನು ಓದ್ತಿದ್ದೆ ಮೇಡಂ," ಎಂದರು ತಂದೆ. "ಅವನು ಸಣ್ಣವನಿದ್ದಾಗಿಂದ ದಿನಾ ರಾತ್ರಿ. ಅವನಿಗೇ ಓದೋಕೆ ಬಂತಲ್ಲ, ಆಮೇಲೆ ನೀನೇ ಓದ್ಕೋ ಅಂದೆ."

ಮೂರನೇ ಭೇಟಿಯಲ್ಲಿ ಮೂವರನ್ನೂ ಒಟ್ಟಿಗೆ ಕೂರಿಸಿಕೊಂಡೆ. ನನ್ನ ಕಪಾಟಿನಿಂದ ಒಂದು ಚಿತ್ರಪುಸ್ತಕ ತೆಗೆದು, ಇದನ್ನು ಮಗನಿಗೆ ಓದಿ ಹೇಳಿ ಎಂದು ತಂದೆಯ ಕೈಗೆ ಕೊಟ್ಟೆ. ಪುಟ್ಟ ಅದನ್ನು ಹಿಂದೆ ನೋಡಿರಲಿಲ್ಲ. ಇರುವೆಯೊಂದು ಎಲೆಯ ಮೇಲೆ ಕೂತು ಹೊಳೆ ದಾಟುವ ಕತೆ. ತಂದೆ ಮೊದಮೊದಲು ಸಂಕೋಚದಿಂದ, ವರದಿ ಓದುವವರ ಹಾಗೆ ಓದಿದರು. ಪುಟ್ಟ ಕೋಣೆಯ ಇನ್ನೊಂದು ಮೂಲೆಯಲ್ಲಿ ಆಟಿಕೆ ಲಾರಿಯ ಚಕ್ರ ತಿರುಗಿಸುತ್ತಾ ಕೂತಿದ್ದ. ಎರಡನೇ ಪುಟಕ್ಕೆ ಚಕ್ರ ನಿಂತಿತು. ಮೂರನೇ ಪುಟಕ್ಕೆ ಹುಡುಗ ಕುರ್ಚಿಯ ಪಕ್ಕ ಬಂದು ನಿಂತ. ಅದಾದ ಮೇಲೆ ಅಪ್ಪನ ತೋಳಿನ ಕೆಳಗೆ ತಲೆ ತೂರಿಸಿ ಪುಸ್ತಕದೊಳಗೇ ಇಣುಕುತ್ತಿದ್ದ.

ಅಷ್ಟರಲ್ಲಿ ತಂದೆ ಒಂದು ಸಾಲು ಬಿಟ್ಟು ಓದಿದರು. ಬೇಕೆಂದೇ ಅಲ್ಲ, ಕಣ್ಣು ತಪ್ಪಿತು. ಪುಟ ತಿರುಗಿಸಲು ಹೋದಾಗ ಪುಟ್ಟ ಅವರ ಕೈ ಹಿಡಿದ.

"ಎಲೆ ತೂತಾಗಿತ್ತು. ಅದನ್ನ ಓದ್ಲೇ ಇಲ್ಲ ನೀನು."

ಚಿತ್ರದಲ್ಲಿ ತೂತು ಇರಲಿಲ್ಲ. ಅದು ಇದ್ದದ್ದು ಅಕ್ಷರಗಳಲ್ಲಿ ಮಾತ್ರ.

ತಂದೆಯ ಮುಖ ಕೆಂಪಾಯಿತು. "ಹಾಗಾದ್ರೆ ಬರುತ್ತೆ ನಿಂಗೆ. ಇಷ್ಟು ದಿನ ನಾಟಕ ಆಡ್ತಿದ್ಯಾ?" ಎಂದರು. ನಾನು ಸುಮ್ಮನಿರಿ ಎಂದು ಕೈ ಮಾಡಿದೆ. ಪುಟ್ಟ ಅಪ್ಪನ ಅಂಗಿಯ ಗುಂಡಿ ತಿರುಗಿಸುತ್ತಾ ನಿಂತ. ಸಾಕಷ್ಟು ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಗುಂಡಿಗೇ ಹೇಳುವ ಹಾಗೆ ಹೇಳಿದ: "ನಾನು ಓದಿದ್ರೆ ನೀನು ಫೋನ್ ತಗೊಂಡು ಆ ರೂಮಿಗೆ ಹೋಗ್ತೀಯ."

ತಾಯಿ ಕಣ್ಣು ಒರೆಸಿಕೊಂಡರು. ತಂದೆ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಹಾಗೇ ಕೂತಿದ್ದರು. ಸ್ವಲ್ಪ ಹೊತ್ತಿನ ಮೇಲೆ, ಬಿಟ್ಟ ಸಾಲಿನಿಂದ ಮತ್ತೆ ಓದಲು ಶುರು ಮಾಡಿದರು. ನಾನು ಹೇಳಿಕೊಟ್ಟದ್ದಲ್ಲ. ಅವರಿಗೇ ಹೊಳೆದದ್ದು.

ನಾನು ಕೊಟ್ಟ ಸಲಹೆ ಚಿಕ್ಕದು. ಇವತ್ತಿನಿಂದ ಮತ್ತೆ ರಾತ್ರಿ ಹದಿನೈದು ನಿಮಿಷ ನೀವು ಓದಿ. ಎರಡು ತಿಂಗಳು ಅವನನ್ನು ಓದು ಅನ್ನಬೇಡಿ. ಇವತ್ತು ಸಿಕ್ಕಿಬಿದ್ದ ವಿಷಯ ಎತ್ತಲೇಬೇಡಿ. "ಬರಲ್ಲ" ಅಂದದ್ದಕ್ಕೆ ಸುಳ್ಳು ಎಂಬ ಹೆಸರು ಕೊಡಬೇಡಿ.

ಇಬ್ಬರೂ ಒಪ್ಪಲಿಲ್ಲ. "ಇನ್ನೂ ಸೋಮಾರಿ ಆಗಲ್ವಾ?" ಎಂದರು ತಂದೆ. "ಒಂದು ಪುಟ ನಾವು, ಒಂದು ಪುಟ ಅವನು ಅಂತ ಮಾಡಬಹುದಲ್ವಾ?" ಎಂದರು ತಾಯಿ. ಜೊತೆಯಲ್ಲಿ ಕೆಲಸ ಮಾಡುವವರೂ ನನ್ನನ್ನು ಇದನ್ನೇ ಕೇಳಿದ್ದಾರೆ. ಓದುವ ಅಭ್ಯಾಸ ತಪ್ಪಿರುವ ಹುಡುಗನಿಗೆ ಓದಬೇಡ ಅನ್ನುವುದು ಎಂಥ ಸಲಹೆ?

ನನ್ನ ಉತ್ತರ ಇದು. ಫಿಲಿಪ್ ಗಾಫ್ ಮತ್ತು ವಿಲಿಯಂ ಟನ್ಮರ್ ಎಂಬ ಸಂಶೋಧಕರು 1986ರಲ್ಲಿ ಓದನ್ನು ಒಂದು ಗುಣಾಕಾರದ ಲೆಕ್ಕವಾಗಿ ವಿವರಿಸಿದರು. ಅಕ್ಷರ ಬಿಡಿಸಿ ಓದುವ ಶಕ್ತಿ ಒಂದು, ಕೇಳಿದ ಮಾತನ್ನು ಅರ್ಥ ಮಾಡಿಕೊಳ್ಳುವ ಶಕ್ತಿ ಇನ್ನೊಂದು. ಎರಡನ್ನೂ ಗುಣಿಸಿದರೆ ಬರುವುದೇ ಅರ್ಥ ತಿಳಿದು ಓದುವ ಶಕ್ತಿ. ಒಂದು ಸೊನ್ನೆಯಾದರೆ ಉತ್ತರವೂ ಸೊನ್ನೆ. ನಾವು ಮೊದಲನೆಯದರ ಮೇಲೆ ಮಾತ್ರ ಕಣ್ಣಿಟ್ಟು ಕೂರುತ್ತೇವೆ. ಎರಡನೆಯದು ಬೆಳೆಯುವುದು ಮಾತಿನಿಂದ, ಕತೆಯಿಂದ, ಗಟ್ಟಿಯಾಗಿ ಓದುವುದನ್ನು ಕೇಳುವುದರಿಂದ. ಅದೂ ಮಾಮೂಲಿ ಮಾತು ಸಾಲದು. ಡೊನಾಲ್ಡ್ ಹೇಸ್ ಮತ್ತು ಮಾರ್ಗರೆಟ್ ಆರೆನ್ಸ್ 1988ರಲ್ಲಿ ಪದಗಳನ್ನು ಎಣಿಸಿ ತೋರಿಸಿದ್ದಾರೆ: ಕಾಲೇಜು ಓದಿದ ದೊಡ್ಡವರು ತಮ್ಮತಮ್ಮಲ್ಲಿ ಆಡುವ ಮಾತಿಗಿಂತ ಮಕ್ಕಳ ಪುಸ್ತಕಗಳಲ್ಲಿ ಅಪರೂಪದ ಪದಗಳು ಜಾಸ್ತಿ.

ಕಿವಿ ಕಣ್ಣಿಗಿಂತ ಎಷ್ಟೋ ಮುಂದೆ ಇರುತ್ತದೆ. ಓದಿ ತಿಳಿಯುವ ಶಕ್ತಿ, ಕೇಳಿ ತಿಳಿಯುವ ಶಕ್ತಿಯ ಸಮಕ್ಕೆ ಬರುವುದು ಸುಮಾರು ಏಳು, ಎಂಟನೇ ತರಗತಿಯ ಹೊತ್ತಿಗೆ ಎಂಬುದನ್ನು ಥಾಮಸ್ ಸ್ಟಿಕ್ಟ್ ಅವರ ಕೆಲಸ ತೋರಿಸಿದೆ. ಅಂದರೆ ಏಳು ವರ್ಷದ ಪುಟ್ಟನಿಗೆ ಸ್ವಂತವಾಗಿ ಓದಲು ಆಗುವುದು "ಬೆಕ್ಕು ಬಂತು, ಹಾಲು ಕುಡಿಯಿತು" ಅಷ್ಟೇ. ಕೇಳಿದರೆ ಅವನು ಕಾಡು, ಕಡಲು, ಮೋಸ, ಪಶ್ಚಾತ್ತಾಪ ಎಲ್ಲವನ್ನೂ ಹಿಡಿಯುತ್ತಾನೆ. ‘ನೀನೇ ಓದಿಕೋ’ ಎಂದ ರಾತ್ರಿ ಅವನ ಕೈಯಿಂದ ಅಪ್ಪನೂ ಹೋದರು, ದೊಡ್ಡ ಕತೆಯೂ ಹೋಯಿತು. ಬದಲಿಗೆ ಬೆಕ್ಕು, ಹಾಲು ಸಿಕ್ಕಿತು. ಓದು ಕಲಿತದ್ದಕ್ಕೆ ಇದು ಶಿಕ್ಷೆಯಲ್ಲದೆ ಇನ್ನೇನು?

ಒಂದೊಂದು ಪುಟ ಹಂಚಿಕೊಂಡು ಓದುವುದು ಒಳ್ಳೆಯ ರೂಢಿಯೇ. ಎಷ್ಟೋ ಮನೆಗಳಿಗೆ ನಾನೇ ಹೇಳಿದ್ದೇನೆ. ಈ ಹುಡುಗನಿಗೆ ಆಗ ಬೇಡ ಎಂದೆ. ಅವನ ಲೆಕ್ಕದಲ್ಲಿ ಓದು ಅಂದರೆ ಅಪ್ಪ ಎದ್ದು ಹೋಗುವುದು. ಆ ಲೆಕ್ಕ ತಪ್ಪು ಎಂದು ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ. ಅರವತ್ತು ರಾತ್ರಿ ಕೂತು ತೋರಿಸಬೇಕು.

ತಂದೆಗೆ ಇನ್ನೊಂದು ಮಾತು ಹೇಳಿದೆ. ಓದಲಾಗದಷ್ಟು ಸುಸ್ತಾದ ದಿನ ದೀಪ ಆರಿಸಿ ಬಾಯಲ್ಲೇ ಕತೆ ಹೇಳಿ. ನಿಮ್ಮ ಬಾಲ್ಯದ್ದಾಗಲಿ, ಇವತ್ತಿನ ದಿನದ್ದಾಗಲಿ. ನಿಮಗೆ ಸಲೀಸಾದ ಭಾಷೆಯಲ್ಲೇ ಹೇಳಿ. ಮೊದಲು ಏನಾಯಿತು, ಯಾಕೆ ಆಯಿತು, ಆಮೇಲೆ ಏನು ಎಂದು ಹಿಡಿದಿಟ್ಟುಕೊಳ್ಳುವುದನ್ನು ಮಗು ಅಲ್ಲೂ ಕಲಿಯುತ್ತದೆ. ಓದು ಬಾರದ ತಂದೆ ತಾಯಿಗೂ ನಾನು ಇದನ್ನೇ ಹೇಳುವುದು. ಅಕ್ಷರ ಗೊತ್ತಿಲ್ಲ ಎಂದು ಹಿಂಜರಿಯುವವರಲ್ಲಿ ಅದ್ಭುತವಾಗಿ ಕತೆ ಹೇಳುವವರನ್ನು ಕಂಡಿದ್ದೇನೆ.

ಪ್ರಶ್ನೆ ಕೇಳಲೇಬಾರದಾ ಎಂದು ತಾಯಿ ಕೇಳಿದರು. ಧಾರಾಳವಾಗಿ ಕೇಳಿ. "ಇರುವೆಗೆ ಈಗ ಏನನ್ನಿಸಿರಬಹುದು?" ಎಂದು ಕೇಳಿ, ಉತ್ತರಕ್ಕೆ ಕಾಯಿರಿ, ಅವನು ಹೇಳಿದ್ದಕ್ಕೆ ನಿಮ್ಮದೊಂದು ಮಾತು ಸೇರಿಸಿ. "ಇರುವೆ ಯಾವುದರ ಮೇಲೆ ಕೂತಿತ್ತು, ಹೇಳು ನೋಡೋಣ" ಅನ್ನಬೇಡಿ. ಅದು ಪಾಠ ಒಪ್ಪಿಸಿಕೊಳ್ಳುವುದು.

ಒತ್ತಕ್ಷರದ ತಡವರಿಕೆ ಕತೆ ಕೇಳಿದ ಮಾತ್ರಕ್ಕೆ ಹೋಗುವುದಿಲ್ಲ. ಅದಕ್ಕೆ ಹಗಲು ಹೊತ್ತು ಹತ್ತು ನಿಮಿಷ ಬೇರೆ ಅಭ್ಯಾಸ ಬೇಕು. ಅದನ್ನು ಅವನ ಶಿಕ್ಷಕಿಯೇ ಮಾಡಿಸುತ್ತಿದ್ದಾರೆ. ರಾತ್ರಿಯ ಕತೆಯೊಳಗೆ ಅದನ್ನು ತರಬೇಡಿ ಎಂದಷ್ಟೇ ಕೇಳಿಕೊಂಡೆ.

ಎರಡು ತಿಂಗಳು ಮುಗಿದು ಒಂದೆರಡು ವಾರವಾಗಿತ್ತು. ತಾಯಿ ಫೋನ್ ಮಾಡಿದರು. ತಂದೆ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದಾರೆ, ಪುಸ್ತಕ ಮನೆಯಲ್ಲೇ ಉಳಿದಿದೆ. ರಾತ್ರಿ ಅಪ್ಪನಿಗೆ ಫೋನ್ ಹಚ್ಚಿಸಿಕೊಂಡ ಪುಟ್ಟ, "ನಾವು ನಿಲ್ಲಿಸಿದ ಜಾಗ ನಿಂಗೆ ಮರೆತಿರುತ್ತೆ, ನಾನು ಒಂದು ಪುಟ ಹೇಳ್ತೀನಿ, ಮುಂದಿಂದು ನೀನೇ ಕಟ್ಟಿ ಹೇಳು" ಎಂದನಂತೆ. ಎರಡು ಕಡೆ ತಡವರಿಸಿದ. ಅಪ್ಪ ತಿದ್ದಲಿಲ್ಲವಂತೆ.