ಆರನೇ ಪುಟದ ಆ ಒಂದು ಸಾಲು

ಪ್ರಿಯರೇ,

ವಿಮಾನಗಳ ಸ್ವಯಂಚಾಲನೆ ಮತ್ತು ಪೈಲಟ್ ತರಬೇತಿ ಕುರಿತು ನೀವು ಕಳಿಸಿದ ‘ಯಂತ್ರ ಹಾರಿಸುವ ವಿಮಾನ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗೆಂದು ‘ಸ್ವೀಕೃತವಾಗಿಲ್ಲ’ ಎಂದಷ್ಟೇ ಬರೆದು ಮುಗಿಸಲು ಮನಸ್ಸು ಒಪ್ಪಲಿಲ್ಲ. ಕಾರಣ, ಆರನೇ ಪುಟದಲ್ಲಿ ನೀವು ಬರೆದ ಒಂದು ಸಾಲು: ‘ಮೊದಲೆಲ್ಲ ಸ್ಟಾಲ್ ಅಭ್ಯಾಸದಲ್ಲಿ ಎತ್ತರ ಕಳೆದುಕೊಂಡವರನ್ನು ತಪ್ಪು ಮಾಡಿದವರೆಂದು ಎಣಿಸುತ್ತಿದ್ದರು, ಈಗ ಹಾಗಿಲ್ಲ.’ (ಸ್ಟಾಲ್ ಎಂದರೆ ರೆಕ್ಕೆಯ ಎತ್ತುವ ಬಲ ಕುಸಿಯುವುದು; ಅದರ ವಿವರಕ್ಕೆ ಆಮೇಲೆ ಬರುತ್ತೇನೆ.) ಇಷ್ಟು ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ. ನಿಮ್ಮ ಲೇಖನ ಇರುವುದೇ ಅಲ್ಲಿ. ಹಿಂದಿನ ಐದು ಪುಟ ಆ ಸಾಲಿಗೆ ತಲುಪಲು ನೀವು ನಡೆದ ದಾರಿ. ಓದುಗರನ್ನೂ ಅಷ್ಟು ದೂರ ನಡೆಸಬೇಡಿ.

ರೈಟ್ ಸಹೋದರರು, 1914ರಲ್ಲಿ ಪ್ಯಾರಿಸ್‌ನಲ್ಲಿ ಲಾರೆನ್ಸ್ ಸ್ಪೆರಿ ತೋರಿಸಿದ ಮೊದಲ ಆಟೋಪೈಲಟ್, 1988ರಲ್ಲಿ ಸೇವೆಗೆ ಬಂದ ಏರ್‌ಬಸ್ ಎ320, ಎಲ್ಲವನ್ನೂ ಸರಿಯಾಗಿಯೇ ಬರೆದಿದ್ದೀರಿ. ಆದರೂ ತೆಗೆಯಿರಿ. ಕಾಕ್‌ಪಿಟ್‌ನಿಂದ ಫ್ಲೈಟ್ ಎಂಜಿನಿಯರ್‌ನ ಕುರ್ಚಿ ಹೋಗಿ ಇಬ್ಬರೇ ಉಳಿದರು ಎಂಬ ಭಾಗ ಮಾತ್ರ ಇರಲಿ. ಮೂರನೆಯವರು ನೋಡಿಕೊಳ್ಳುತ್ತಿದ್ದ ಕೆಲಸ ಯಂತ್ರಕ್ಕೆ ಹೋಯಿತು, ಆ ಯಂತ್ರವನ್ನು ನೋಡಿಕೊಳ್ಳುವ ಕೆಲಸ ಉಳಿದಿಬ್ಬರ ಮೇಲೆ ಬಿತ್ತು. ತರಬೇತಿ ಬದಲಾಗಲು ಅದೂ ಒಂದು ಕಾರಣ.

ಇನ್ನು ಒಂದು ದೊಡ್ಡ ತಪ್ಪು. ‘ಸ್ಟಾಲ್ ಎಂದರೆ ಆಕಾಶದಲ್ಲಿ ಎಂಜಿನ್ ನಿಂತುಹೋಗುವುದು’ ಎಂದು ಬರೆದಿದ್ದೀರಿ. ಅದು ಕಾರಿನ ಮಾತು. ವಿಮಾನದಲ್ಲಿ ಸ್ಟಾಲ್ ಆಗುವುದು ರೆಕ್ಕೆ. ಎದುರು ಗಾಳಿಗೆ ರೆಕ್ಕೆ ಒಡ್ಡಿಕೊಂಡ ಕೋನ ಒಂದು ಮಿತಿ ದಾಟಿದರೆ, ಅದರ ಮೇಲ್ಮೈಗೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಬಿಟ್ಟುಹೋಗಿ ಎತ್ತುವ ಬಲ ಕುಸಿಯುತ್ತದೆ. ಎಂಜಿನ್‌ಗಳು ಪೂರ್ತಿ ಶಕ್ತಿಯಲ್ಲಿ ಓಡುತ್ತಿದ್ದರೂ ಹೀಗಾಗಬಹುದು. ಬಿಡಿಸಿಕೊಳ್ಳಬೇಕಾದರೆ ವಿಮಾನದ ಮೂಗು ತಗ್ಗಿಸಬೇಕು, ತಗ್ಗಿಸಿದರೆ ಎತ್ತರ ಹೋಗುತ್ತದೆ. ಇಷ್ಟು ತಿಳಿಯದ ಓದುಗರಿಗೆ ನಿಮ್ಮ ಆ ಒಳ್ಳೆಯ ಸಾಲು ಅರ್ಥವೇ ಆಗುವುದಿಲ್ಲ.

ಈಗ ಆ ಸಾಲನ್ನೇ ಬಿಡಿಸಿ ನೋಡಿ. ಬಹುಕಾಲ ಸಿಮ್ಯುಲೇಟರ್‌ನಲ್ಲಿ (ನೆಲದ ಮೇಲೇ ಹಾರಾಟವನ್ನು ಅನುಕರಿಸುವ ತರಬೇತಿ ಯಂತ್ರದಲ್ಲಿ) ಪೈಲಟ್‌ಗಳು ಅಭ್ಯಾಸ ಮಾಡುತ್ತಿದ್ದದ್ದು ಸ್ಟಾಲ್ ಅಲ್ಲ, ಸ್ಟಾಲ್‌ನ ಎಚ್ಚರಿಕೆ. ಎಚ್ಚರಿಕೆ ಕೇಳಿದೊಡನೆ ಎಂಜಿನ್‌ಗೆ ಪೂರ್ತಿ ಶಕ್ತಿ ಕೊಡು, ಎತ್ತರ ಬಿಟ್ಟುಕೊಡಬೇಡ. ನೆಲಕ್ಕೆ ಹತ್ತಿರ ಹಾರುವಾಗ ಅದು ಕೆಲಸ ಮಾಡುತ್ತಿತ್ತು. ಮೂವತ್ತೈದು ಸಾವಿರ ಅಡಿಯಲ್ಲಿ ಗಾಳಿ ತೆಳು, ಎಂಜಿನ್ ಬಳಿ ಕೊಡಲು ಹೆಚ್ಚುವರಿ ಶಕ್ತಿ ಅಷ್ಟಾಗಿ ಇರುವುದಿಲ್ಲ. 2012ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಕರು ಮಾರ್ಗಸೂಚಿಯನ್ನು ತಿರುಗಿಸಿ ಬರೆದರು: ಮೊದಲು ಮೂಗು ತಗ್ಗಿಸಿ, ಎತ್ತರದ ಲೆಕ್ಕ ಆಮೇಲೆ. 2013ರ ನಿಯಮದ ಪ್ರಕಾರ ಅಲ್ಲಿನ ವಿಮಾನಯಾನ ಸಂಸ್ಥೆಗಳು 2019ರೊಳಗೆ ಪೂರ್ಣ ಸ್ಟಾಲ್‌ನ ಅಭ್ಯಾಸವನ್ನೇ ಮಾಡಿಸಬೇಕಾಯಿತು. ಆಗ ಇನ್ನೊಂದು ತೊಡಕು ಎದುರಾಯಿತು. ಸ್ಟಾಲ್ ಆದ ಮೇಲೆ ವಿಮಾನ ಹೇಗೆ ವರ್ತಿಸುತ್ತದೆ ಎಂಬುದನ್ನು ಸಿಮ್ಯುಲೇಟರ್‌ಗಳೇ ಸರಿಯಾಗಿ ತೋರಿಸುತ್ತಿರಲಿಲ್ಲ. ಅವುಗಳ ಮಾನದಂಡವನ್ನೂ 2016ರಲ್ಲಿ ಬದಲಿಸಿದರು. ಕಲಿಸುವ ಯಂತ್ರಕ್ಕೇ ಮೊದಲು ಕಲಿಸಬೇಕಾಯಿತು. ಇದೆಲ್ಲ ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ.

ಏರ್ ಫ್ರಾನ್ಸ್ 447 ವಿಮಾನದ ದುರಂತವನ್ನು ಮೂರು ವಾಕ್ಯದಲ್ಲಿ ಮುಗಿಸಿ, ‘ಪೈಲಟ್‌ಗಳ ಅಜಾಗರೂಕತೆ 228 ಜೀವಗಳನ್ನು ಬಲಿ ಪಡೆಯಿತು’ ಎಂದು ತೀರ್ಪು ಕೊಟ್ಟಿದ್ದೀರಿ. ಈ ವಾಕ್ಯವನ್ನು ಓದಿ ನನಗೆ ನಿಜವಾಗಿಯೂ ನೋವಾಯಿತು. 2009ರ ಜೂನ್ 1ರ ಆ ರಾತ್ರಿ ಅಟ್ಲಾಂಟಿಕ್ ಮೇಲೆ ವೇಗ ಅಳೆಯುವ ಕೊಳವೆಗಳಲ್ಲಿ ಹಿಮ ಕಟ್ಟಿತು. ಆಟೋಪೈಲಟ್ ಕಳಚಿಕೊಂಡಿತು. ಕ್ಯಾಪ್ಟನ್ ವಿಶ್ರಾಂತಿಗೆ ಹೋಗಿದ್ದರು, ಇಬ್ಬರು ಸಹಪೈಲಟ್‌ಗಳ ಪೈಕಿ ಒಬ್ಬರು ಮೂಗು ಮೇಲೆತ್ತಿದರು. ವಿಮಾನ ಮೂವತ್ತೆಂಟು ಸಾವಿರ ಅಡಿಯ ಹತ್ತಿರ ಏರಿ ಸ್ಟಾಲ್ ಆಯಿತು. ಆಟೋಪೈಲಟ್ ಬಿಟ್ಟಲ್ಲಿಂದ ನೀರಿಗೆ ಬೀಳುವವರೆಗೆ 4 ನಿಮಿಷ 23 ಸೆಕೆಂಡು. ಒಂದು ವಿವರ ನೋಡಿ: ಅಳೆದ ವೇಗ 60 ನಾಟ್‌ಗಿಂತ (ಗಂಟೆಗೆ ಸುಮಾರು 111 ಕಿ.ಮೀ.) ಕೆಳಗಿಳಿದರೆ ಆ ವಿಮಾನದ ಸ್ಟಾಲ್ ಎಚ್ಚರಿಕೆ ತಾನಾಗಿ ನಿಲ್ಲುತ್ತಿತ್ತು. ಮೂಗು ತಗ್ಗಿಸಿದಾಗ ವೇಗ ಕೂಡಿ ಎಚ್ಚರಿಕೆ ಮತ್ತೆ ಕೂಗಿತು. ಸರಿಯಾದದ್ದನ್ನು ಮಾಡಿದಾಗ ಗದರಿಕೆ, ತಪ್ಪು ಮಾಡಿದಾಗ ಮೌನ! ಆ ಕತ್ತಲಲ್ಲಿ ಆ ಕುರ್ಚಿಯಲ್ಲಿ ಕೂತವರಿಗೆ ಏನನ್ನಿಸಿರಬಹುದು? ಅಷ್ಟು ಎತ್ತರದಲ್ಲಿ ಕೈಯಿಂದ ವಿಮಾನ ನಡೆಸುವ ತರಬೇತಿ ಅವರಿಗೆ ಸಿಕ್ಕಿರಲಿಲ್ಲ ಎಂದು ಫ್ರಾನ್ಸಿನ ತನಿಖಾ ಸಂಸ್ಥೆಯೇ 2012ರ ಅಂತಿಮ ವರದಿಯಲ್ಲಿ ಬರೆದಿದೆ. ಹಾಗೆಂದು ಹಳೆಯ ತರಬೇತಿಯೊಂದೇ ಕಾರಣ ಎಂದು ಬರೆಯಲೂ ಹೋಗಬೇಡಿ. ನಡೆದದ್ದನ್ನು ಕ್ರಮವಾಗಿ ಇಡಿ, ಸಾಕು.

‘ಪೈಲಟ್‌ಗಳಿಗೆ ಕೈಯಿಂದ ಹಾರಿಸುವುದೇ ಮರೆತುಹೋಗಿದೆ’ ಎಂಬ ಮಾತು ನಿಮ್ಮಲ್ಲಿ ನಾಲ್ಕು ಕಡೆ ಬರುತ್ತದೆ. ಅದು ಅರ್ಧ ನಿಜ. ಸಂಶೋಧಕ ಸ್ಟೀಫನ್ ಕ್ಯಾಸ್ನರ್ ಮತ್ತು ಸಂಗಡಿಗರು ಬೋಯಿಂಗ್ 747 ವಿಮಾನದ ಸಿಮ್ಯುಲೇಟರ್‌ನಲ್ಲಿ 16 ಪೈಲಟ್‌ಗಳನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನ ಓದಿ. ಕೈ ಅಷ್ಟಾಗಿ ಮರೆತಿರಲಿಲ್ಲ. ನಕ್ಷೆಯ ಪರದೆ ಇಲ್ಲದೆ ತಾವೆಲ್ಲಿದ್ದೇವೆ ಎಂದು ಲೆಕ್ಕ ಹಾಕುವುದು, ಮುಂದಿನ ಹೆಜ್ಜೆ ಯೋಚಿಸುವುದು, ಯಾವ ಉಪಕರಣ ಕೆಟ್ಟಿದೆ ಎಂದು ಗುರುತಿಸುವುದು, ಎಡವಿದ್ದು ಹೆಚ್ಚಾಗಿ ಇಂಥ ಕಡೆ. ಅಂದರೆ ಕೈಗಿಂತ ಮೊದಲು ಮಂಕಾಗುವುದು ಮನಸ್ಸಿನ ಲೆಕ್ಕ. ತರಬೇತಿಯಲ್ಲಿ ಬರೀ ಕೈಯಿಂದ ಹಾರಿಸುವ ಗಂಟೆ ಹೆಚ್ಚಿಸಿದರೆ ಇದಕ್ಕೆ ಮದ್ದಾಗುತ್ತದೆಯೇ? ನಿಮ್ಮ ಲೇಖನ ಎತ್ತಬೇಕಾದ ಪ್ರಶ್ನೆ ಇದು.

ಭಾಷೆಯ ಬಗ್ಗೆ ಒಂದೇ ಮಾತು. ‘ಸ್ವಯಂಚಾಲಿತ ಉಡ್ಡಯನ ನಿಯಂತ್ರಣ ವ್ಯವಸ್ಥೆ’ ಎಂಬ ಒಂದೇ ಹೆಸರಿನಡಿ ಆಟೋಪೈಲಟ್ ಮತ್ತು ಆಟೋಥ್ರಾಟಲ್ ಎರಡನ್ನೂ ಸೇರಿಸಿಬಿಟ್ಟಿದ್ದೀರಿ. ಒಂದು ವಿಮಾನದ ದಿಕ್ಕು, ಎತ್ತರ ನೋಡಿಕೊಳ್ಳುತ್ತದೆ, ಇನ್ನೊಂದು ಎಂಜಿನ್‌ನ ಶಕ್ತಿಯನ್ನು. 2013ರ ಜುಲೈ 6ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಏಷಿಯಾನಾ 214 ವಿಮಾನ ಇಳಿಯುವಾಗ ಪೈಲಟ್ ಆಟೋಪೈಲಟ್ ತೆಗೆದು, ಎಂಜಿನ್ ಶಕ್ತಿ ಹೆಚ್ಚುಕಡಿಮೆ ಮಾಡುವ ಹಿಡಿಕೆಯನ್ನು, ಅಂದರೆ ಥ್ರಾಟಲ್ ಅನ್ನು, ಹಿಂದಕ್ಕೆಳೆದರು. ಪರದೆಯ ನೆತ್ತಿಯ ಮೇಲಿನ ಪುಟ್ಟ ಪಟ್ಟಿಯಲ್ಲಿ ‘ಹೋಲ್ಡ್’ ಎಂಬ ಪದ ಮೂಡಿತು. ಆಟೋಥ್ರಾಟಲ್ ಇನ್ನು ವೇಗ ಕಾಯುವುದಿಲ್ಲ ಎಂದು ಅದರ ಅರ್ಥ. 137 ನಾಟ್ ಇರಬೇಕಾದ ವೇಗ 103ರವರೆಗೆ ಇಳಿಯಿತು. ವಿಮಾನದ ಬಾಲ ರನ್‌ವೇ ಮುಂದಿನ ಸಮುದ್ರದ ತಡೆಗೋಡೆಗೆ ಬಡಿಯಿತು, ಮೂವರು ತೀರಿಕೊಂಡರು. ಎರಡಕ್ಕೂ ಒಂದೇ ಹೆಸರಿಟ್ಟರೆ ಈ ಘಟನೆಯನ್ನು ಹೇಳುವುದೇ ಅಸಾಧ್ಯ. ಆ ಪಟ್ಟಿಯಲ್ಲಿ ಏನು ಬದಲಾದರೂ ಬಾಯಿಬಿಟ್ಟು ಓದಿ ಹೇಳುವುದನ್ನು ಇವತ್ತು ಪೈಲಟ್‌ಗಳಿಗೆ ಕಲಿಸುತ್ತಾರೆ. ಲೇಖನಕ್ಕೆ ಅದು ಬೇಕೇ ಬೇಕು.

ಬೋಯಿಂಗ್ 737 ಮ್ಯಾಕ್ಸ್ ವಿಮಾನದ ಕುರಿತು ಬರೆದ ಭಾಗವನ್ನು ಬಿಡಿ. ಪೈಲಟ್‌ಗಳಿಗೆ ಗೊತ್ತೇ ಇರದ ಒಂದು ವ್ಯವಸ್ಥೆಯ ಕಥೆ ಅದು. ಅದಕ್ಕೆ ಬೇರೆಯೇ ಲೇಖನ ಬೇಕು, ಅದನ್ನೂ ನೀವೇ ಬರೆಯಿರಿ.

ಸಿಮ್ಯುಲೇಟರ್‌ನಲ್ಲಿ ಕಲಿಸುವ ಬೋಧಕರೊಬ್ಬರ ಪರಿಚಯವಿದೆ ಎಂದು ನಿಮ್ಮ ಪತ್ರದ ಕೊನೆಯಲ್ಲಿದೆ. ಲೇಖನದಲ್ಲಿ ಅವರ ಸುಳಿವೇ ಇಲ್ಲ. ಹೋಗಿ ಅವರ ಮುಂದೆ ಕೂರಿ. ಎತ್ತರ ಬಿಡಬಾರದು ಎಂದೇ ಇಪ್ಪತ್ತು ವರ್ಷ ಅಭ್ಯಾಸ ಮಾಡಿದ ಕ್ಯಾಪ್ಟನ್ ಒಬ್ಬರಿಗೆ ಮೊದಲ ಸಲ ‘ಮೂಗು ತಗ್ಗಿಸಿ’ ಎಂದಾಗ ಅವರ ಕೈ ಏನು ಮಾಡಿತು ಎಂದು ಕೇಳಿ. ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಹೊಸ ಕರಡನ್ನು ನೇರ ನನ್ನ ಹೆಸರಿಗೇ ಕಳಿಸಿ.

ವಿಶ್ವಾಸದಿಂದ,
ಸಂಪಾದಕ