ಒಂಬತ್ತೋ, ಅರ್ಕಾವತ್ತೋ?

ಪ್ರಶ್ನೆ: ಮೇಡಂ, ಕಳೆದ ಸಂಚಿಕೆಯಲ್ಲಿ ಯಾರಿಗೋ ಉತ್ತರ ಬರೆಯುತ್ತಾ ‘ಆಫೀಸಿಗೆ ಹೊಸ ಪ್ರಾಜೆಕ್ಟ್ ಬಂದಿದೆ, ತಲೆ ತಿನ್ನುತ್ತಿದೆ, ಅದಕ್ಕೇ ಖುಷಿಯಾಗಿದ್ದೇನೆ’ ಎಂದಿದ್ದಿರಿ. ನನ್ನ ಮಗನೂ ಬೆಂಗಳೂರಿನಲ್ಲಿ ಪ್ರೋಗ್ರಾಮರ್. ಫೋನ್ ಮಾಡಿದಾಗಲೆಲ್ಲ ‘ಸಾಕಾಗಿದೆ ಕಣಮ್ಮ’ ಅನ್ನುತ್ತಾನೆ. ನಮ್ಮಂಥ ತೋಟದವರಿಗೆ ಖುಷಿ ಅಂದರೆ ಮಾರ್ಚ್ ತಿಂಗಳಲ್ಲಿ ಒಂದಿಂಚು ಹೂಮಳೆ. ದಿನವಿಡೀ ಸ್ಕ್ರೀನ್ ನೋಡಿಕೊಂಡು ಕೂರುವ ಕೆಲಸದಲ್ಲಿ ಖುಷಿ ಎಲ್ಲಿಂದ ಬರುತ್ತೆ? ನನಗೆ ತಿಳಿಯೋ ಹಾಗೆ ಹೇಳಿ.
— ಹೆಸರು ಬೇಡ, ಆಲ್ದೂರು

ಉತ್ತರ: ಅಮ್ಮಾ, ಮೊದಲೇ ಹೇಳಿಬಿಡ್ತೀನಿ, ನಿಮ್ಮ ಮಗನ ಬೇಸರ ಸುಳ್ಳಲ್ಲ. ಹಾಸನದ ನಮ್ಮದು ಆರು ಜನರ ಸಣ್ಣ ಆಫೀಸು. ಕೆಳಗಡೆ ಮೊಳೆ, ಪೈಪು, ಪೇಂಟು ಮಾರುವ ಅಂಗಡಿ. ‘ಕೆಳಗೆ ಹಾರ್ಡ್‌ವೇರು, ಮೇಲೆ ಸಾಫ್ಟ್‌ವೇರು’ ಅಂತ ಅಂಗಡಿಯವರು ದಿನಾ ಒಂದೇ ಜೋಕು ಹೇಳುತ್ತಾರೆ, ನಾವೂ ದಿನಾ ನಗುತ್ತೇವೆ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತಲ್ಲ, ಅವತ್ತು ಶುರುವಾದದ್ದು: ಬಿಲ್ಲು, ಬಿಲ್ಲಿನ ಮೂಲೆ, ಮೂಲೆಯಲ್ಲಿ ಶೇಕಡಾ. ದರ ಬದಲಾದಾಗ ನಾನೂ ಬದಲಾಯಿಸಬೇಕು. ಆರು ವರ್ಷ ಅದನ್ನೇ ಮಾಡಿದೆ. ಸಂಬಳ ಬರುತ್ತಿತ್ತು, ಸಂಜೆ ಮನೆಗೆ ಹೋದರೆ ಬೆಳಗ್ಗೆ ಏನು ಮಾಡಿದೆ ಅಂತ ನೆನಪಿಗೆ ಬರುತ್ತಿರಲಿಲ್ಲ.

ಈಗ ಬಂದಿರುವ ಕೆಲಸ ಇದು. ಘಟ್ಟದ ಕಡೆಯ ಒಂದು ಸಹಕಾರ ಸಂಘ. ಸದಸ್ಯರ ಪಟ್ಟಿ, ಸಾಲದ ಅರ್ಜಿ, ಸಭೆಯ ನಡಾವಳಿ ಎಲ್ಲವನ್ನೂ 20 ವರ್ಷದಿಂದ ಕನ್ನಡದಲ್ಲೇ ಟೈಪ್ ಮಾಡಿಟ್ಟಿದ್ದಾರೆ. ಒಂದು ಹೆಸರು ಹುಡುಕಿ ಅಂದರೆ ಮಾತ್ರ ಕಂಪ್ಯೂಟರ್ ಕೈ ಚೆಲ್ಲುತ್ತದೆ. ಯಾಕೆ ಅಂದರೆ ಅವೆಲ್ಲ ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿವೆ. ಆ ಫಾಂಟಿನಲ್ಲಿ ನಮ್ಮ ಕಣ್ಣಿಗೆ ‘ಕ’ ಕಂಡರೂ ಯಂತ್ರದ ಒಳಗೆ ಇರೋದು ಇಂಗ್ಲಿಷಿನ ದೊಡ್ಡ ಪಿ, ಅದರ ಪಕ್ಕ ನೆತ್ತಿಯ ಮೇಲೆ ಗೀಟಿರುವ ಒಂದು ಎ. ಪಿ ಅನ್ನೋದು ಕಕಾರದ ಒಡಲು, ಎ ಅನ್ನೋದು ತಲೆಕಟ್ಟು. ಇಂಗ್ಲಿಷಿಗೆ ಕನ್ನಡದ ವೇಷ ಹಾಕಿ ಕೂರಿಸಿದ ಹಾಗೆ. ಫಾಂಟ್ ತೆಗೆದರೆ ವೇಷ ಕಳಚಿ ಬೀಳುತ್ತದೆ. ಯೂನಿಕೋಡು ಅಂದರೆ ಬೇರೆ ಬೇರೆ ಲಿಪಿಗಳ ಅಕ್ಷರಕ್ಕೆಲ್ಲ ಒಂದೊಂದು ನಂಬರು ಕೊಡುವ ಪದ್ಧತಿ. ಅದರಲ್ಲಿ ಹಾಗಲ್ಲ, ಕನ್ನಡಕ್ಕೇ ಅಂತ 3200ರಿಂದ 3327ರವರೆಗೆ 128 ಮನೆ ಕೊಟ್ಟಿದ್ದಾರೆ. ಕ ಅಂದರೆ 3221, ಅಷ್ಟೇ. ಹಳೆಯದನ್ನು ಈ ಮನೆಗಳಿಗೆ ಒಕ್ಕಲು ಎಬ್ಬಿಸಿ ತರುವುದು ನನ್ನ ಕೆಲಸ.

ಇದಕ್ಕೆ ಸಿದ್ಧವಾದ ಪರಿವರ್ತಕಗಳು ಇವೆ, ನಾನೂ ಅದರಿಂದಲೇ ಶುರು ಮಾಡಿದೆ. ಒಂದು ವಾರದಲ್ಲಿ ಮುಗಿಸಿ ಕೊಡ್ತೀನಿ ಅಂತ ಬಾಸ್‌ಗೆ ಹೇಳಿದ್ದೆ. ಈಗ ಮೂರನೇ ತಿಂಗಳು.

ಮೊದಲು ಕಾಲಿಗೆ ತೊಡರಿದ್ದು ‘ಮೂರ್ತಿ’. ನಮ್ಮ ಕಡೆ ಮೂರ್ತಿ ಇಲ್ಲದ ಸದಸ್ಯರ ಪಟ್ಟಿ ಇದೆಯೇ? ಕೃಷ್ಣಮೂರ್ತಿ, ನರಸಿಂಹಮೂರ್ತಿ, ಬರೀ ಮೂರ್ತಿ. ಬರೆಯುವಾಗ ಅರ್ಕಾವತ್ತನ್ನು ಕೊನೆಗೆ ಹಾಕುತ್ತೇವೆ, ಹೇಳುವಾಗ ರಕಾರವನ್ನೇ ಮೊದಲು ಹೇಳುತ್ತೇವೆ. ಹಳೇ ಫಾಂಟು ಬರೆದ ಕ್ರಮದಲ್ಲಿ ಇಟ್ಟುಕೊಂಡಿದೆ, ಯೂನಿಕೋಡು ಹೇಳುವ ಕ್ರಮ ಕೇಳುತ್ತದೆ. ಅಂದರೆ ನನ್ನ ಪ್ರೋಗ್ರಾಮು ಅರ್ಕಾವತ್ತು ಕಂಡ ತಕ್ಷಣ ಹಿಂದಕ್ಕೆ ನಡೆದು, ಗುಡಿಸು ದಾಟಿ, ಒತ್ತಕ್ಷರ ಇದ್ದರೆ ಅದನ್ನೂ ದಾಟಿ, ಮೂಲ ವ್ಯಂಜನಕ್ಕೂ ಮೊದಲು ‘ರ್’ ಇಟ್ಟು ಬರಬೇಕು. ನಾನು ಬರೆದದ್ದು ಒಂದೇ ಹೆಜ್ಜೆ ಹಿಂದೆ ಹೋಗುತ್ತಿತ್ತು. ಊರಿನ ಮೂರ್ತಿಗಳೆಲ್ಲ ‘ಮೂತರ್’ ಆಗಿ, ಬಿಟ್ಟುಹೋದ ಗುಡಿಸು ಪಕ್ಕದಲ್ಲಿ ಚುಕ್ಕಿಯ ವೃತ್ತ ಹಿಡಿದುಕೊಂಡು ಅನಾಥವಾಗಿ ನಿಂತಿತ್ತು. ಅದನ್ನು ಸರಿ ಮಾಡಲು ಎರಡು ದಿನ ಹಿಡಿಯಿತು.

ಆಮೇಲೆ ಸಿಕ್ಕಿತು ನೋಡಿ ಅಸಲಿ ಗಂಟು. ಒಂದಷ್ಟು ಫೈಲುಗಳಲ್ಲಿ ಅರ್ಕಾವತ್ತೇ ಇಲ್ಲ! ಅದರ ಜಾಗದಲ್ಲಿ ಕನ್ನಡದ ಒಂಬತ್ತು. ‘ಕಾಯ೯ದಶಿ೯’. ನೀವೂ ಅಂಗಡಿ ಬೋರ್ಡಿನಲ್ಲಿ, ಲಗ್ನಪತ್ರಿಕೆಯಲ್ಲಿ ನೋಡಿರುತ್ತೀರಿ, ಕಣ್ಣಿಗೆ ವ್ಯತ್ಯಾಸವೇ ತಿಳಿಯಲ್ಲ. ಯಂತ್ರಕ್ಕೆ ಮಾತ್ರ ಅದು ಕಾಯ-ಒಂಬತ್ತು-ದಶಿ-ಒಂಬತ್ತು. ಸರಿ, ಹಿಂದೆ ಅಕ್ಷರವಿದ್ದರೆ ಅರ್ಕಾವತ್ತು, ಅಂಕಿಯೋ ಖಾಲಿ ಜಾಗವೋ ಇದ್ದರೆ ಒಂಬತ್ತು ಅಂತ ನಿಯಮ ಬರೆದೆ. ಚೆನ್ನಾಗಿಯೇ ಓಡಿತು. ಮೂರನೇ ದಿನ ಒಂದು ಸಾಲದ ಅರ್ಜಿಯಲ್ಲಿ ‘ಸವೆ೯ ನಂ೯/೨’ ಬಂತು. ಮೊದಲನೆಯ ೯ ಅರ್ಕಾವತ್ತು, ಎರಡನೆಯದು ನಿಜವಾದ ಒಂಬತ್ತು. ನನ್ನ ಪ್ರೋಗ್ರಾಮು ಎರಡನ್ನೂ ಅರ್ಕಾವತ್ತು ಮಾಡಿ ‘ಸರ್ವೆ ರ್ನಂ/೨’ ಅಂತ ಕೊಟ್ಟಿತು. ಆ ರೈತನ ಜಮೀನೇ ಮಾಯ.

ಅಲ್ಲಿಗೆ ನಾನು ಸ್ಕ್ರೀನ್ ಬಿಟ್ಟು ಎದ್ದೆ. ಟೈಪ್ ಮಾಡಿದವರು ಯಾರು ಅಂತ ಸಂಘದಲ್ಲಿ ವಿಚಾರಿಸಿದೆ. ಹಳೇ ಗುಮಾಸ್ತರು ನಿವೃತ್ತರಾಗಿ ಹಾಸನದಲ್ಲೇ ಮಗಳ ಮನೆಯಲ್ಲಿದ್ದಾರೆ ಅಂದರು. ಹೋದೆ. ಪ್ರಿಂಟ್ ತೆಗೆದುಕೊಂಡು ಹೋಗಿದ್ದ ಹಾಳೆಯನ್ನು ಕನ್ನಡಕ ಮೇಲಕ್ಕೆ ಸರಿಸಿ ಮೂಗಿನ ಹತ್ತಿರ ಹಿಡಿದು ನೋಡಿದರು. ‘ಅರ್ಕಾವತ್ತಿನ ಕೀ ಯಾವುದು ಅಂತ ನಮಗೆ ಯಾರು ಹೇಳಿಕೊಟ್ಟಿದ್ರು ಮೇಡಂ? ಒಂಬತ್ತು ಕೈಗೆ ಸಿಕ್ತು, ಹಾಕಿದ್ವಿ. ಆದ್ರೆ ಈ ಹಾಳೆ ನಂದಲ್ಲ. ನಾನು ಅಂಕಿಗೆ ಮುಂಚೆ ಜಾಗ ಬಿಡ್ತಿದ್ದೆ. ಇದು ನನ್ನ ನಂತರ ಬಂದ ಹುಡುಗಂದು, ಅವನು ಜಾಗ ಬಿಡೋನಲ್ಲ’ ಎಂದರು. ಹುಡುಗ ಸೇರಿದ ವರ್ಷವನ್ನೂ ಹೇಳಿದರು. ಕಾಫಿ ಕುಡಿದು ಎದ್ದು ಬರುವಷ್ಟರಲ್ಲಿ ನನ್ನ ಫೈಲುಗಳು ಎರಡು ರಾಶಿಯಾಗಿದ್ದವು, ಅವರ ಕೈಯದು ಒಂದು, ಹುಡುಗನ ಕೈಯದು ಒಂದು. ಇಷ್ಟು ದಿನ ನಾನು ಫೈಲುಗಳ ಜೊತೆ ಗುದ್ದಾಡುತ್ತಿದ್ದೇನೆ ಅಂದುಕೊಂಡಿದ್ದೆ, ಇಬ್ಬರು ಮನುಷ್ಯರ ಕೈಬರಹ ಓದುತ್ತಿದ್ದೆ. ನೀವು ಕೇಳಿದ ಖುಷಿ ನನಗೆ ಬಂದದ್ದು ಅಲ್ಲಿ, ಅವರ ಮನೆ ಗೇಟಿನ ಹತ್ತಿರ, ಚಪ್ಪಲಿ ಹಾಕಿಕೊಳ್ಳುವಾಗ.

ಹುಡುಗನ ರಾಶಿಗೆ ಹೊಸ ನಿಯಮ: ‘ನಂ’ ಎಂಬಲ್ಲಿ ಬರುವ ಹಾಗೆ ಸೊನ್ನೆಯ ಪಕ್ಕದಲ್ಲಿದ್ದರೆ ಅದು ಒಂಬತ್ತೇ. ಮುಗೀತು ಅಂದುಕೊಂಡೆ. ನಡಾವಳಿಯಲ್ಲಿ ‘ಪಯಂ೯ತ’ ಬಂತು. ಪರ್ಯಂತ! ಇಲ್ಲಿ ಸೊನ್ನೆಯ ಪಕ್ಕದ್ದೂ ಅರ್ಕಾವತ್ತೇ. ಸೊನ್ನೆಯ ಪಕ್ಕದ ೯ಕ್ಕೆ ಹಿಂದೆ ನೋಡಿದರೆ ಸಾಲದು, ಮುಂದೆಯೂ ಇಣುಕಬೇಕು: ಮುಂದೆ ಅಕ್ಷರ ಇದ್ದರೆ ಅರ್ಕಾವತ್ತು, ಓರೆಗೀಟೋ ಖಾಲಿಯೋ ಇದ್ದರೆ ಒಂಬತ್ತು. ಇದು ಹೊಳೆದಾಗ ರಾತ್ರಿ ಹತ್ತೂವರೆ. ಕೈಗೆ ಸಿಕ್ಕಿದ ಕಾಗದದ ಮೇಲೆ ಗೀಚಿಟ್ಟು ಮಲಗಿದೆ.

ಇನ್ನೂ ಇವೆ. ಪಟ್ಟಿಯನ್ನು ಅಕಾರಾದಿಯಲ್ಲಿ ಜೋಡಿಸಿದರೆ ಕಸಬಾಕ್ಕಿಂತ ಮೊದಲು ಕಳಸ ಬಂದು ಕೂತಿತು, ಸಂಘದ ಅಧ್ಯಕ್ಷರು ‘ಏನ್ರೀ, ಒಂದನೇ ಕ್ಲಾಸಿನಲ್ಲಿ ಸ ಹ ಳ ಕಲ್ತಿಲ್ವಾ’ ಅಂದರು. ಯೂನಿಕೋಡಿನಲ್ಲಿ ಳಕಾರದ ಮನೆ 3251, ವಕಾರಕ್ಕೂ ಮುಂಚೆ. ಬರೀ ಮನೆ ನಂಬರಿನ ಮೇಲೆ ಜೋಡಿಸಿದ್ದು ನನ್ನ ತಪ್ಪು. ವರ್ಣಮಾಲೆಯ ಕ್ರಮವನ್ನು ಬೇರೆಯಾಗಿ ಹೇಳಿಕೊಟ್ಟ ಮೇಲೆ ಳ ತನ್ನ ಹಳೇ ಜಾಗಕ್ಕೆ, ಎಲ್ಲರ ಹಿಂದಕ್ಕೆ ಹೋಯಿತು.

ನಿಮ್ಮ ಮಗನ ವಿಷಯ. ಜಾಣತನದಲ್ಲಿ ಅವನು ನನಗಿಂತ ಒಂದು ಕೈ ಮೇಲೇ ಇರಬಹುದು. ಆದರೆ ದೊಡ್ಡ ಕಂಪನಿಯಲ್ಲಿ ಕೆಲಸ ತುಂಡು ತುಂಡಾಗಿ ಬರುತ್ತದೆ. ತಾನು ಬರೆದದ್ದು ಯಾರ ಕೈಗೆ ಹೋಯಿತು, ಅವರು ಬೈದರೋ ಹೊಗಳಿದರೋ ಗೊತ್ತಾಗೋದೇ ಇಲ್ಲ. ನನಗೆ ಗುಮಾಸ್ತರ ಮನೆ ಬಸ್ಸಿನಲ್ಲಿ ಹೋಗುವಷ್ಟು ಹತ್ತಿರ ಇತ್ತು. ಮುಂದಿನ ಸಲ ಫೋನ್ ಮಾಡಿದಾಗ ಊಟ ಆಯ್ತಾ ಅಂತ ಕೇಳಿದ ಮೇಲೆ, ‘ನೀನು ಬರೆಯೋದನ್ನ ಯಾರಪ್ಪಾ ಉಪಯೋಗಿಸ್ತಾರೆ?’ ಅಂತಲೂ ಕೇಳಿ ನೋಡಿ. ಉತ್ತರ ಗೊತ್ತಿಲ್ಲ ಅಂದರೆ ಅವನಿಗೆ ಬೇಕಿರೋದು ರಜೆಯಲ್ಲ, ಬೇರೆ ಟೀಮು.

ಪ್ರಶ್ನೆ: ಈಗ ಎಐ ತಾನೇ ಕೋಡ್ ಬರೆಯುತ್ತದಲ್ಲ? ಇಷ್ಟು ಒದ್ದಾಡುವ ಬದಲು ಅದಕ್ಕೇ ಕೊಡಬಾರದೇ?
— ಬಿಸಿಎ ವಿದ್ಯಾರ್ಥಿ, ಅರಸೀಕೆರೆ

ಉತ್ತರ: ಕೊಟ್ಟಿದ್ದೇನಪ್ಪ, ಹಟವೇನಿಲ್ಲ. ಹಳೇ ಫಾಂಟಿನ ಯಾವ ತುಂಡಿಗೆ ಯೂನಿಕೋಡಿನ ಯಾವ ಅಕ್ಷರ ಅನ್ನುವ ಉದ್ದನೆಯ ಕೋಷ್ಟಕವನ್ನು ನಾನು ಕಾಫಿ ಬೆರೆಸುವಷ್ಟರಲ್ಲಿ ಬರೆದುಕೊಟ್ಟಿತು, ಎರಡು ಒತ್ತಕ್ಷರ ಅದಲು ಬದಲಾಗಿದ್ದವು. ಹುಡುಗ ಜಾಗ ಬಿಡುತ್ತಿರಲಿಲ್ಲ ಅನ್ನೋದನ್ನ ಮಾತ್ರ ನಾನೇ ಅದಕ್ಕೆ ಹೇಳಬೇಕಾಯ್ತು. ನೀನು ಎಐ ಬಳಸು, ಬೇಡ ಅನ್ನಲ್ಲ. ಅದು ಕೊಟ್ಟದ್ದನ್ನು ಹತ್ತು ಮೂಲ ಹಾಳೆಗಳ ಪಕ್ಕ ಇಟ್ಟು ಬೆರಳಿಟ್ಟು ಓದು. ಆ ಓದಿನಲ್ಲಿ ಬೇಜಾರಾಗದಿದ್ದರೆ ಈ ಕಸುಬಿಗೆ ಬಾ.

ಪ್ರಶ್ನೆ: ಮನೆಯಲ್ಲೂ ಆಫೀಸಿನದೇ ಧ್ಯಾನ ಅಂದರೆ ಯಜಮಾನರು ಸುಮ್ಮನಿರುತ್ತಾರಾ?
— ಉದಯಗಿರಿ ಬಡಾವಣೆಯ ಓದುಗಿ, ಹಾಸನ

ಉತ್ತರ: ಸುಮ್ಮನೇ ಇರುತ್ತಾರೆ, ಅದೇ ತೊಂದರೆ. ಅವತ್ತು ರಾತ್ರಿ ಹತ್ತೂವರೆಗೆ ಕೈಗೆ ಸಿಕ್ಕಿದ ಕಾಗದ ಅಂದೆನಲ್ಲ, ಅದು ಅಡುಗೆಮನೆಯ ಕ್ಯಾಲೆಂಡರು. ಹಾಲಿನ ಲೆಕ್ಕ ಬರೆಯುವುದೂ ಅದರ ಮೇಲೆಯೇ. ಮೂರು ದಿನದ ಚೌಕಗಳಲ್ಲಿ ೯, ೯, ೯ ಅಂತ ಗೀಚಿದ್ದೆ. ತಿಂಗಳ ಕೊನೆಗೆ ಇವರು ಒಂದು ಮಾತೂ ಕೇಳದೆ ಕೂಡಿ, ಆ ಮೂರು ದಿನಕ್ಕೆ 27 ಲೀಟರ್ ಹಿಡಿದು ದುಡ್ಡು ಎಣಿಸಿ ಕೊಟ್ಟರು. ಹಾಲಿನಾಕೆ ಮರುದಿನ ಬಾಗಿಲಲ್ಲಿ ನಿಂತು ಕೇಳಿದಳು: ‘ಅಕ್ಕಾ, ಮನೇಲಿ ಏನಾದ್ರೂ ಮದುವೆ ಇತ್ತಾ? ನಂಗೆ ಹೇಳ್ಲೇ ಇಲ್ವಲ್ಲ!’