ಅಮ್ಮನಿಗೆ ಜೀವನಪೂರ್ತಿ ಥೈರಾಯ್ಡ್ ಮಾತ್ರೆ ಬೇಕಂತೆ, ಬೆಂಗಳೂರಿನಲ್ಲಿ ಎಲ್ಲಿ ಕಡಿಮೆಗೆ ಸಿಗುತ್ತೆ?

ಆರು ವರ್ಷದ ಹಿಂದೆ ಹನುಮಂತನಗರದ ಮೆಡಿಕಲ್ ಶಾಪಿನ ಮುಂದೆ ನಿಂತು ನಾನೂ ಇದನ್ನೇ ಕೇಳಿದ್ದೆ. ಆಗ 50 ಮೈಕ್ರೋಗ್ರಾಂ ಲೆವೊಥೈರಾಕ್ಸಿನ್, ಅಂದರೆ ಇದೇ ಥೈರಾಯ್ಡ್ ಮಾತ್ರೆ, ತಗೋತಿದ್ದೆ. ಟಿಎಸ್‌ಎಚ್ (ರಕ್ತ ಪರೀಕ್ಷೆಯಲ್ಲಿ ನೋಡೋ ಥೈರಾಯ್ಡ್ ಅಂಕಿ, ಮಾತ್ರೆ ಸಾಲದಿದ್ದರೆ ಇದು ಏರುತ್ತೆ) 2.8 ಇತ್ತು, ಆರಾಮಾಗಿದ್ದೆ.

ಆಮೇಲೆ ಮಂಡಿ ನೋವಿಗೆ ಮೂಳೆ ಡಾಕ್ಟರು ಕ್ಯಾಲ್ಸಿಯಂ ಬರೆದುಕೊಟ್ಟರು. ಥೈರಾಯ್ಡ್ ಇದೆ ಅಂತ ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ. ಮರೆಯಬಾರದು ಅಂತ ಎರಡೂ ಡಬ್ಬಿಗಳನ್ನ ಕಾಫಿ ಫಿಲ್ಟರ್ ಪಕ್ಕದಲ್ಲೇ ಇಟ್ಟೆ. ಬೆಳಿಗ್ಗೆ ಎದ್ದವಳೇ ಎರಡನ್ನೂ ಅಂಗೈಗೆ ಹಾಕಿಕೊಂಡು ಒಂದೇ ಗುಟುಕು ನೀರಿನಲ್ಲಿ ನುಂಗೋದು, ಹಾಲು ಉಕ್ಕೋ ಹೊತ್ತಿಗೆ ಕಾಫಿ ಬೆರೆಸಿ ಕುಡಿಯೋದು. ತಪ್ಪು ಅಲ್ಲೇ ಆಗಿದ್ದು. ಕ್ಯಾಲ್ಸಿಯಂ ಹೊಟ್ಟೆಯೊಳಗೆ ಥೈರಾಯ್ಡ್ ಮಾತ್ರೆಯನ್ನ ಹಿಡಿದುಕೊಂಡುಬಿಡುತ್ತೆ, ರಕ್ತಕ್ಕೆ ಸೇರೋಕೆ ಬಿಡಲ್ಲ. ಕಬ್ಬಿಣದ ಮಾತ್ರೆಯೂ ಹಾಗೇ. ಇವಕ್ಕೂ ಥೈರಾಯ್ಡ್ ಮಾತ್ರೆಗೂ ನಾಲ್ಕು ಗಂಟೆ ಅಂತರ ಬೇಕು. ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ಥೈರಾಯ್ಡ್ ಮಾತ್ರೆ ತಗೊಂಡು, ಕಾಫಿ ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಬೇಕು. ನಾನು ದಿನಾ ದುಡ್ಡು ಕೊಟ್ಟು ತಂದ ಮಾತ್ರೆಯಲ್ಲಿ ಎಷ್ಟೋ ಪಾಲು ಮೈಗೇ ಹತ್ತುತ್ತಿರಲಿಲ್ಲ.

ಟಿಎಸ್‌ಎಚ್ 9.4ಕ್ಕೆ ಏರಿತು. ಡೋಸ್ 75 ಆಯ್ತು. ಎರಡು ತಿಂಗಳ ಮೇಲೆ ನೋಡಿದರೆ 7.8. ಡೋಸ್ 100 ಆಯ್ತು. ಪ್ರತಿ ಸಲವೂ ಡಾಕ್ಟರ್ ಫೀಸು, ರಕ್ತ ಪರೀಕ್ಷೆ, ಆಟೋ ಚಾರ್ಜು. ಜೊತೆಗೆ ಅರ್ಧ ಉಳಿದ ಬಾಟಲಿ. ತೆಗೆದ ಬಾಟಲಿ ಯಾವ ಅಂಗಡಿಯವರೂ ವಾಪಸ್ ತಗೊಳ್ಳಲ್ಲ. ಅಷ್ಟರಲ್ಲಿ ಕ್ಯಾಲ್ಸಿಯಂ ಕೋರ್ಸ್ ಮುಗೀತು, 100 ಪೂರ್ತಿ ಒಳಗೆ ಹೋಗೋಕೆ ಶುರುವಾಯ್ತು. ಎದೆ ಢವಢವ, ಸೂಜಿಗೆ ದಾರ ಪೋಣಿಸೋಕಾಗದಷ್ಟು ಕೈ ನಡುಕ. ಇಸಿಜಿ ಖರ್ಚು ಬೇರೆ. ಕೊನೆಗೆ ಒಬ್ಬ ಎಂಡೋಕ್ರಿನಾಲಜಿಸ್ಟ್ (ಹಾರ್ಮೋನ್ ಡಾಕ್ಟರು) ಕೇಳಿದರು: “ಬೆಳಿಗ್ಗೆ ಎದ್ದು ಏನೇನು ನುಂಗ್ತಾ ಇದ್ರಿ, ಒಂದೊಂದಾಗಿ ಹೇಳಿಮ್ಮ.” ಮತ್ತೆ 50ಕ್ಕೆ ಬಂದೆ. ಅಷ್ಟರಲ್ಲಿ ಒಂದು ವರ್ಷವೇ ಕಳೆದಿತ್ತು.

ಅದಕ್ಕೇ ಹೇಳ್ತೀನಿ, ಅಂಗಡಿ ಹುಡುಕೋದು ಬಿಡಿ. ಲೆವೊಥೈರಾಕ್ಸಿನ್ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ, 2013ರ ಬೆಲೆ ನಿಯಂತ್ರಣ ಆದೇಶದ ಪ್ರಕಾರ ಅದಕ್ಕೆ ಗರಿಷ್ಠ ಬೆಲೆ ಕಟ್ಟಿದ್ದಾರೆ. ಅಂಗಡಿಯಿಂದ ಅಂಗಡಿಗೆ ಉಳಿಯೋದು ಚಿಲ್ಲರೆ ಕಾಸು. ಜನೌಷಧಿ ಕೇಂದ್ರದಲ್ಲಿ ಸಿಕ್ಕರೆ ಖಂಡಿತ ತಗೊಳ್ಳಿ, ಆದರೆ ಡಾಕ್ಟರಿಗೆ ಹೇಳಿ ತಗೊಳ್ಳಿ, ಆಮೇಲೆ ಅದೇ ಕಂಪನಿಯದ್ದಕ್ಕೇ ಅಂಟಿಕೊಳ್ಳಿ. ಈ ತಿಂಗಳು ಒಂದು, ಮುಂದಿನ ತಿಂಗಳು ಇನ್ನೊಂದು ಅಂತ ಬದಲಾಯಿಸಿದರೆ ಆರರಿಂದ ಎಂಟು ವಾರಕ್ಕೆ ಮತ್ತೆ ಟಿಎಸ್‌ಎಚ್ ನೋಡಬೇಕು, ಉಳಿಸಿದ್ದೆಲ್ಲ ಲ್ಯಾಬಿಗೆ ಹೋಗುತ್ತೆ. ಡೋಸ್ ಬದಲಾದ ಹದಿನೈದೇ ದಿನಕ್ಕೆ ಪರೀಕ್ಷೆ ಮಾಡಿಸಬೇಡಿ, ಅಷ್ಟು ಬೇಗ ನಿಜವಾದ ಅಂಕಿ ಬರಲ್ಲ. ಡಾಕ್ಟರು ಟಿಎಸ್‌ಎಚ್ ಒಂದೇ ಬರೆದಿದ್ದರೆ ಅದೊಂದನ್ನೇ ಮಾಡಿಸಿ, ವಿಟಮಿನ್ನು ಅದು ಇದು ಸೇರಿಸಿದ ಪ್ಯಾಕೇಜ್ ಬೇಡ. ಹಳೇ 50, 25 ಬಾಟಲಿ ಉಳಿದಿದ್ದರೆ ಡಾಕ್ಟರಿಗೆ ತೋರಿಸಿ, 75ಕ್ಕೆ ಎರಡನ್ನೂ ಸೇರಿಸಿ ತಗೋಬಹುದಾ ಅಂತ ಕೇಳಿ. ಇದನ್ನ ನನಗೆ ಯಾರೂ ಹೇಳಿರಲಿಲ್ಲ.

ಇವತ್ತು ರಾತ್ರಿಯೇ ನಿಮ್ಮಮ್ಮನ ಮಾತ್ರೆ ಡಬ್ಬಿಗಳನ್ನೆಲ್ಲ ಮೇಜಿನ ಮೇಲೆ ಹರಡಿ ನೋಡಿ. ಕ್ಯಾಲ್ಸಿಯಂ ಇದ್ದರೆ ರಾತ್ರಿ ಊಟದ ಹೊತ್ತಿಗೆ ಸರಿಸಿ. ನನ್ನ ಥೈರಾಯ್ಡ್ ಬಾಟಲಿ ಈಗ ಹಾಸಿಗೆ ಪಕ್ಕ ನೀರಿನ ಚೊಂಬಿನ ಜೊತೆ ಇರುತ್ತೆ, ಅಡುಗೆಮನೆಗೆ ಬರೋದೇ ಇಲ್ಲ.